ಅಬ್ಬಾ ಬರೆದ ನಕ್ಷೆ

ಕಳೆದ ರಂಜಾನ್ ಹಬ್ಬಕ್ಕೆ ಬಂಗಾರಪೇಟೆಯ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ತಮ್ಮನ ಮಗಳು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಒಂದು ಹಾಳೆ ಹಿಡಿದು ತಂದಳು. ಚೌಕಳಿ ಗೆರೆಯ ದೊಡ್ಡ ಹಾಳೆ. ಮಡಿಕೆಗಳಲ್ಲಿ ಹರಿದು ಅಂಟುಪಟ್ಟಿ ಹಚ್ಚಿದ್ದ ಕಡೆ ಆ ಪಟ್ಟಿಯೂ ಹಳದಿಗಟ್ಟಿತ್ತು. ಮೇಲಿಂದ ಕೆಳಕ್ಕೆ ಇಳಿಯುವ ಉದ್ದ ಗೆರೆಗಳು, ಅವುಗಳಿಂದ ಎಡಕ್ಕೂ ಬಲಕ್ಕೂ ಕವಲೊಡೆಯುವ ದಾರಿಗಳು, ಅಲ್ಲಲ್ಲಿ ಉರ್ದುವಿನಲ್ಲಿ ಸಣ್ಣ ಟಿಪ್ಪಣಿ.

“ಇದು ದಾದಾ ಕೆಲಸ ಮಾಡಿದ ಗಣೀನಾ ಫುಪ್ಪು?” ಎಂದು ಕೇಳಿದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಕೈಬರಹ ಅವಳ ದಾದಾನದೇ. ಗಣಿ ಮಾತ್ರ ಚಾಂಪಿಯನ್ ರೀಫ್ ಅಲ್ಲ. ಅದು ಜೀಬಸ್ ಎಂಬ, ಎಲ್ಲೂ ಇಲ್ಲದ ಒಂದು ಗ್ರಹದ ಹೊಟ್ಟೆಯೊಳಗಿನ ದಾರಿ. ಆ ಗ್ರಹ ಇದ್ದದ್ದು ಒಂದು ವಿಡಿಯೋ ಗೇಮಿನ ಕ್ಯಾಸೆಟ್ಟಿನಲ್ಲಿ.

ಮಕ್ಕಳ ಕೈಯಿಂದ ಮೊಬೈಲ್ ಬಿಡಿಸುವುದೇ ಮನೆಮನೆಯ ಜಗಳವಾಗಿರುವ ಈ ದಿನಗಳಲ್ಲಿ ವಿಡಿಯೋ ಗೇಮಿನ ಬಗ್ಗೆ ಬರೆಯುತ್ತಾರೆಯೇ ಎಂದು ಓದುಗರು ಹುಬ್ಬೇರಿಸಬಹುದು. ಏರಿಸಲಿ. ನಾವು ಎಂದರೆ ಅಕ್ಕ, ತಮ್ಮ ಇಬ್ಬರು. ಅಕ್ಕ ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಹೈಸ್ಕೂಲಿಗೆ ಕನ್ನಡಕ್ಕೆ ಬಂದು, ಈಗ ಆಗೊಮ್ಮೆ ಈಗೊಮ್ಮೆ ಕಥೆ ಬರೆಯುವವಳು. ತಮ್ಮ ಮೊದಲಿಂದಲೂ ಕನ್ನಡ ಶಾಲೆ, ಲೆಕ್ಕದವನು. ಒಂದು ಹಳೆಯ ಆಟ, ಹದಿನೆಂಟು ವರ್ಷಗಳ ಮೇಲೆ ಅದನ್ನು ಹೊಸದಾಗಿ ಕಟ್ಟಿದ ಇನ್ನೊಂದು ಆಟ, ಇವೆರಡರ ನಡುವಿನ ವ್ಯತ್ಯಾಸ ನಮಗೆ ನಮ್ಮ ಊರಿನ ಬಗ್ಗೆ ಏನನ್ನೋ ಹೇಳಿತು. ಅದನ್ನು ಹೇಳಲಿಕ್ಕೇ ಈ ಬರಹ.

ಕೋಲಾರದ ಚಿನ್ನದ ಗಣಿಯಲ್ಲಿ ಅಬ್ಬಾ ಸರ್ವೆ ವಿಭಾಗದ ಸಹಾಯಕರಾಗಿದ್ದರು. ಸರ್ವೆಯರು ಯಂತ್ರದಲ್ಲಿ ಕಣ್ಣಿಟ್ಟು ನೋಡುವಾಗ ಟೇಪು ಹಿಡಿಯುವುದು, ದೂರದಲ್ಲಿ ದೀಪ ತೋರಿಸುವುದು, ಬಂಡೆಯ ಮೇಲೆ ಬಿಳಿ ಗುರುತು ಹಾಕುವುದು ಅವರ ಕೆಲಸ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು ಎನ್ನುತ್ತಿದ್ದರು. ಮೇಲೆ ಮನೆಯಲ್ಲಿ ಕೂತ ನಮಗೆ ಗಣಿ ಗೊತ್ತಾಗುತ್ತಿದ್ದದ್ದು ಪಾಳಿಯ ಸೈರನ್ನಿನಿಂದ ಮತ್ತು ‘ಏರ್ ಬ್ಲಾಸ್ಟ್’ನಿಂದ. ಒಳಗೆ ಒತ್ತಡಕ್ಕೆ ಸಿಕ್ಕ ಬಂಡೆ ಸಿಡಿದಾಗ ಅಡುಗೆಮನೆಯ ತಟ್ಟೆಗಳು ತಾವಾಗಿ ಗಲಗಲ ಎನ್ನುತ್ತಿದ್ದವು. ಅಮ್ಮಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬೀದಿಯ ಎಲ್ಲ ಮನೆಗಳ ಬಾಗಿಲಲ್ಲೂ ಹೆಂಗಸರು ನಿಂತಿರುತ್ತಿದ್ದರು. ತಮಿಳಿನವರು, ತೆಲುಗಿನವರು, ನಾವು. ಆಗ ಯಾರೂ ಮಾತಾಡುತ್ತಿರಲಿಲ್ಲ.

1992ರಲ್ಲಿ ದಮ್ಮಾಮಿನಿಂದ ರಜೆಗೆ ಬಂದ ಮಾಮೂ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದರು. ಜಪಾನಿನ ಪೆಟ್ಟಿಗೆಯ ನಕಲು. ಜೊತೆಗೆ ಕೈಪಿಡಿಯೂ ಇಲ್ಲದ, ಚಿತ್ರವೂ ಇಲ್ಲದ ಒಂದು ಹಳದಿ ಕ್ಯಾಸೆಟ್. ಹಾಕಿದರೆ ಪರದೆಯ ಮೇಲೆ ‘ಮೆಟ್ರಾಯ್ಡ್’ ಎಂದು ಬರುತ್ತಿತ್ತು. ನಿಂಟೆಂಡೊ ಕಂಪನಿ 1986ರಲ್ಲಿ ಜಪಾನಿನಲ್ಲಿ ಹೊರತಂದ ಆಟ ಅದು ಎಂಬುದೆಲ್ಲ ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆಗ ಕಂಡದ್ದು ಇಷ್ಟೇ: ತಲೆಗೆ ಹೆಲ್ಮೆಟ್ಟು, ಮೈಗೆ ಕವಚ ಹಾಕಿಕೊಂಡ ಒಬ್ಬ ಮನುಷ್ಯ ಒಂಟಿಯಾಗಿ ನೆಲದಡಿಯ ಸುರಂಗಗಳಲ್ಲಿ ಇಳಿಯುತ್ತಾನೆ. ನಮ್ಮ ಬೀದಿಯ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೆ ಆಟ ಮುಂದೆ ಹೋಗುತ್ತಿರಲಿಲ್ಲ. ತಮ್ಮ ಬಲಕ್ಕೆ ಹೋಗುತ್ತಾನೆ. ದಾರಿ ತಗ್ಗಾಗಿ ಮುಗಿಯುತ್ತದೆ, ನುಸುಳಲಾಗುವುದಿಲ್ಲ. ಎರಡು ದಿನ ಇದೇ ಆಯಿತು. ಮೂರನೇ ದಿನ ಅಕ್ಕ ಆಟ ಶುರುವಾದ ಕೂಡಲೇ ಎಡಕ್ಕೆ ಹೊರಟಳು. ಸ್ವಲ್ಪ ದೂರದಲ್ಲೇ ಒಂದು ಪೀಠದ ಮೇಲೆ ಉಂಡೆಯಾಗಿ ಉರುಳುವ ಶಕ್ತಿ ಕಾದು ಕೂತಿತ್ತು. ಅದು ಸಿಕ್ಕರೆ ತಗ್ಗಿನ ದಾರಿಯಲ್ಲಿ ನುಗ್ಗಬಹುದು. “ಉರ್ದು ಓದಿದವರು ಎಡಕ್ಕೇ ಹೋಗೋದು” ಎಂದು ತಮ್ಮ ಗೊಣಗಿದ. ಆ ಮಾತು ಇವತ್ತಿಗೂ ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ.

ಅಲ್ಲಿಂದ ಮುಂದೆ ಶುರುವಾಯಿತು ನೋಡಿ, ದಾರಿ ತಪ್ಪುವುದು. ಆ ಆಟದಲ್ಲಿ ನಕ್ಷೆಯೇ ಇಲ್ಲ. ಒಂದು ಸುರಂಗ ಇದ್ದ ಹಾಗೆಯೇ ಇನ್ನೊಂದು. ನಮ್ಮದು ಕಪ್ಪುಬಿಳುಪಿನ ಟಿ.ವಿ. ನೀಲಿ ಬಾಗಿಲು ಒಂದೇ ಗುಂಡಿಗೆ ತೆರೆಯುತ್ತದೆ, ಕೆಂಪು ಬಾಗಿಲಿಗೆ ಐದು ಕ್ಷಿಪಣಿ ಬೇಕು. ನಮಗೆ ಎಲ್ಲ ಬಾಗಿಲೂ ಬೂದಿಬಣ್ಣ. ಒಂದು ಸಂಜೆ ಮೊದಲ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದ ಅಬ್ಬಾ ನಮ್ಮ ಅಲೆದಾಟ ನೋಡಿ ಕೇಳಿದರು: “ನಕ್ಷಾ ಕಿಧರ್ ಹೈ?”

ಇಲ್ಲ ಅಬ್ಬಾ, ಇದರಲ್ಲಿ ನಕ್ಷೆ ಇರಲ್ಲ ಎಂದೆವು.

“ನಕ್ಷೆ ಇಲ್ಲದ ಗಣಿಗೆ ಯಾರು ಇಳೀತಾರೆ?” ಎಂದವರೇ ಎದ್ದು ಹೋಗಿ ಒಂದು ಚೌಕಳಿ ಹಾಳೆ, ಸ್ಕೇಲು, ಪೆನ್ಸಿಲ್ಲು ತಂದರು. ಒಂದು ಪರದೆಗೆ ಒಂದು ಚೌಕ ಎಂದು ಲೆಕ್ಕ ಹಾಕಿಕೊಂಡರು. ನೆಟ್ಟಗೆ ಇಳಿಯುವ ದಾರಿಗೆ ಶಾಫ್ಟ್ ಎಂದೂ, ಅಡ್ಡ ದಾರಿಗಳಿಗೆ ಲೆವೆಲ್ ಎಂದೂ ಹೆಸರಿಟ್ಟು ನಂಬರು ಹಾಕಿದರು. ಆಟದ ಲಿಫ್ಟು ನಮ್ಮಲ್ಲಿ ‘ಕೇಜ್’ ಆಯಿತು. ನಾವು ನಡೆಯಬೇಕು, ಅವರು ಬರೆಯಬೇಕು. ಈ ಆಟ ಮಾಡಿದವರು ಜಪಾನಿನವರು ಎಂದು ಮಾಮೂ ಹೇಳಿದಾಗ ಅಬ್ಬಾಗೆ ಖುಷಿಯೋ ಖುಷಿ. ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾದವರ ಜೊತೆ ಸೇರಿ ನಮ್ಮ ಗಣಿಯ ಆಳದಲ್ಲಿ ಪ್ರಯೋಗ ನಡೆಸುತ್ತಿದ್ದ ಕಾಲವನ್ನು ಅವರು ಕಂಡಿದ್ದರು. “ನಮ್ಮ ಗಣಿ ನೋಡಿಕೊಂಡು ಹೋಗಿ ಇದನ್ನ ಮಾಡಿರಬೇಕು” ಎಂದು ಬಂದವರಿಗೆಲ್ಲ ಗಂಭೀರವಾಗಿ ಹೇಳುತ್ತಿದ್ದರು.

ನಕ್ಷೆಯ ಕೊರತೆ ಹೀಗೆ ನೀಗಿತು. ಇನ್ನೊಂದು ಕೊರತೆ ನೀಗಲಿಲ್ಲ. ಮಗ್ರಿಬ್ ಅಜಾನ್ ಆಯಿತೆಂದರೆ ಟಿ.ವಿ. ಆರಬೇಕು. ಆರಿದರೆ ಆಟ ಹೋಯಿತು. ಮರುದಿನ ಅಲ್ಲಿಂದಲೇ ಮುಂದುವರಿಸಬೇಕಾದರೆ ಇಪ್ಪತ್ನಾಲ್ಕು ಅಕ್ಷರಗಳ ಒಂದು ಸಂಕೇತ ಬರೆದಿಟ್ಟುಕೊಳ್ಳಬೇಕು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಕಲಸಿದ್ದು. ಸೊನ್ನೆಯನ್ನು ‘ಓ’ ಎಂದು ಬರೆದುಕೊಂಡರೆ ವಾರದ ಶ್ರಮ ನೀರುಪಾಲು. ಅದಕ್ಕಿಂತ ವಿಚಿತ್ರವೆಂದರೆ, ನಮಗೆ ಗೊತ್ತಿದ್ದ ಮಟ್ಟಿಗೆ ಆ ಸಂಕೇತ ಕಾಣುತ್ತಿದ್ದದ್ದು ಆಟದ ಮನುಷ್ಯ ಸತ್ತ ಮೇಲೆ. ಗಳಿಸಿದ್ದನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಸಾಯಬೇಕು! ಅಜಾನ್ ಹೊತ್ತಿಗೆ ಅವನನ್ನು ಬೇಕೆಂದೇ ಹುಳುಗಳ ಬಾಯಿಗೆ ಕೊಟ್ಟು, ಸಂಕೇತ ಬರೆದುಕೊಂಡು, ಟಿ.ವಿ. ಆರಿಸಿ ಓಡುತ್ತಿದ್ದೆವು. ಮರುದಿನ ಎದ್ದು ಬಂದಾಗ, ನೀವು ಎಷ್ಟೇ ಶಕ್ತಿ ಕೂಡಿಟ್ಟಿರಿ, ಅವನ ಜೀವ ಮತ್ತೆ 30ಕ್ಕೆ ಇಳಿದಿರುತ್ತಿತ್ತು. ಜಪಾನಿನಲ್ಲಿ ಮೊದಲು ಡಿಸ್ಕಿನ ಮೇಲೆ ಬಂದಾಗ ಆಟವನ್ನು ಉಳಿಸಿಡುವ ಸೌಕರ್ಯ ಇತ್ತಂತೆ. ಕ್ಯಾಸೆಟ್ಟಿಗೆ ಇಳಿದಾಗ ಅದು ತಪ್ಪಿತು.

1993ರ ಬೇಸಿಗೆ ರಜೆಯಲ್ಲಿ ಅಬ್ಬಾನ ನಕ್ಷೆ ಹಿಡಿದು ನಾವು ತಳ ಮುಟ್ಟಿದೆವು. ಕೊನೆಯ ಶತ್ರು ಸತ್ತ ಕೂಡಲೇ ಬಾಂಬಿನ ಗಡಿಯಾರ ಓಡತೊಡಗುತ್ತದೆ. ಉದ್ದ ಶಾಫ್ಟು ಹತ್ತಿ ಹೊರಗೆ ಬರಬೇಕು. ಬಂದೆವು. ಆ ಮನುಷ್ಯ ನಮಗೆ ಬೆನ್ನು ಹಾಕಿ ನಿಂತ. ಅಷ್ಟೇ. ಆಟ ಮುಗಿಯಿತು. ಹತ್ತು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರಿಗೆ ಸಿಗುವುದು ಆ ಬೆನ್ನು ಮಾತ್ರ ಎಂಬುದು ನಮಗೆ ಗೊತ್ತಿರಲಿಲ್ಲ. ನಾವು ಎಷ್ಟು ಹತ್ತು ಗಂಟೆ ತೆಗೆದುಕೊಂಡಿದ್ದೆವೋ ಲೆಕ್ಕವಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಕೆಲಸ ನೂರಿಪ್ಪತ್ತು ವರ್ಷ ದಾಟಿ ನಿಂತಿತು. ಅಬ್ಬಾ ಹೆಲ್ಮೆಟ್ಟು, ಸೊಂಟದ ಬ್ಯಾಟರಿ ದೀಪ ಒಪ್ಪಿಸಿ ಮನೆಗೆ ಬಂದು ಬಹಳ ಹೊತ್ತು ಬರಿದಲೆಯಲ್ಲಿ ಜಗಲಿಯ ಮೇಲೆ ಕೂತಿದ್ದರು. ಅದೇ ವರ್ಷ ನಾವು ಅಮ್ಮಿಯ ತವರಾದ ಬಂಗಾರಪೇಟೆಗೆ ಬಂದೆವು. ಅಕ್ಕನಿಗೆ ವೈಟ್‌ಫೀಲ್ಡಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ, ತಮ್ಮನಿಗೆ ಬೆಂಗಳೂರಿನ ಗಾರ್ಮೆಂಟ್ಸ್ ಒಂದರ ಸ್ಟೋರ್ಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಮಾರಿಕುಪ್ಪಂನಿಂದ ಬರುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಂದು ಗಣಿಯ ಹೆಸರುಗಳನ್ನೇ ಸ್ಟೇಷನ್ನುಗಳಾಗಿ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಕೇಜಿನಲ್ಲಿ ಕೆಳಗಿಳಿಯುತ್ತಿದ್ದವರ ಮಕ್ಕಳು ಈಗ ನಿಂತೇ ಬೆಂಗಳೂರಿಗೆ ಹೋಗುತ್ತಿದ್ದರು. ಇನ್ನೂ ಬೆಳಕಾಗಿರುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಊಟದ ಡಬ್ಬಿ.

2005ರಲ್ಲಿ ತಮ್ಮ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಒಂದು ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಕೊಂಡ. ಮಡಚಿದರೆ ಅಂಗೈಯಲ್ಲಿ ಅಡಗುವ ಚೌಕ ಡಬ್ಬಿ, ತೆರೆದರೆ ಮೂರಂಗುಲವೂ ಇಲ್ಲದ ಬಣ್ಣದ ಪರದೆ, ಒಳಗೇ ಬೆಳಕು. ಅದರಲ್ಲಿದ್ದ ಕ್ಯಾಸೆಟ್ಟಿನ ಮೇಲೆ ಅಚ್ಚಾಗಿದ್ದದ್ದು: ‘ಮೆಟ್ರಾಯ್ಡ್: ಜೀರೋ ಮಿಷನ್’. ಮೊದಲ ಆಟದಲ್ಲಿ ದುಡಿದಿದ್ದ ಯೋಶಿಯೋ ಸಾಕಾಮೊಟೊ ಅವರೇ ಮುಂದೆ ನಿಂತು 2004ರಲ್ಲಿ ಕೈಲಿ ಹಿಡಿದು ಆಡುವ ಈ ಯಂತ್ರಕ್ಕಾಗಿ ಹೊಸದಾಗಿ ಕಟ್ಟಿದ ಅದೇ ಆಟ. ಮೊದಲ ಮೆಟ್ರಾಯ್ಡಿನ ನಿರ್ಮಾಪಕರಾಗಿದ್ದ ಗುನ್ಪೇ ಯೊಕೊಯಿ ಎಂಬವರೇ ಗೇಮ್ ಬಾಯ್ ಯಂತ್ರವನ್ನೂ ರೂಪಿಸಿದವರು. 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಅವರು ತಮ್ಮ ಕೂಸು ಹೀಗೆ ಹೊಸದಾಗಿ ಹುಟ್ಟಿದ್ದನ್ನು ನೋಡಲಿಲ್ಲ.

ಬಂಗಾರಪೇಟೆಯಿಂದ ಮಾಲೂರಿನವರೆಗೆ ತಮ್ಮನ ಸರದಿ, ಮಾಲೂರಿನಿಂದ ವೈಟ್‌ಫೀಲ್ಡಿನವರೆಗೆ ಅಕ್ಕನ ಸರದಿ. ಆಟ ಶುರುವಾದ ಜಾಗ ಅದೇ. ಎಡಕ್ಕೆ ಹೋದರೆ ಉಂಡೆಯಾಗುವ ಶಕ್ತಿ ಅಲ್ಲೇ ಇದೆ. ಆದರೆ ಈ ಮನುಷ್ಯನಿಗೆ ಈಗ ಮಂಡಿಯೂರಿ ಕೂರಲು ಬರುತ್ತದೆ, ಓರೆಯಾಗಿ ಗುರಿಯಿಡಲು ಬರುತ್ತದೆ, ಬಂಡೆಯಂಚು ಹಿಡಿದು ಹತ್ತಲು ಬರುತ್ತದೆ. ಹಳೆಯದರಲ್ಲಿ ಮರದ ಗೊಂಬೆಯ ಹಾಗೆ ನೆಟ್ಟಗೆ ನಿಂತು, ಕಾಲಬುಡದಲ್ಲಿ ಹರಿಯುವ ಹುಳುವಿಗೆ ಗುಂಡು ತಗುಲಿಸಲಾಗದೆ ಎಷ್ಟು ಸಲ ಸತ್ತಿದ್ದೆವು! ಎಲ್ಲಕ್ಕಿಂತ ದೊಡ್ಡದು, ಇದರಲ್ಲಿ ನಕ್ಷೆ ಇತ್ತು. ನಾವು ನಡೆದಂತೆಲ್ಲ ಒಂದೊಂದೇ ಚೌಕ ಬಣ್ಣ ತುಂಬಿಕೊಳ್ಳುತ್ತ ಹೋಗುತ್ತಿತ್ತು. ಒಂದು ಪರದೆಗೆ ಒಂದು ಚೌಕ, ಅಬ್ಬಾ ಹಾಕಿದ್ದ ಲೆಕ್ಕವೇ. ಅಲ್ಲಲ್ಲಿ ಆಟ ಉಳಿಸಿಡುವ ಕೋಣೆಗಳು. ಹೊಕ್ಕು ಒಂದು ಗುಂಡಿ ಒತ್ತಿದರೆ ಅಲ್ಲಿಯವರೆಗಿನ ಗಳಿಕೆ ಭದ್ರ. ಸಾಯಬೇಕಿಲ್ಲ. ಇಪ್ಪತ್ನಾಲ್ಕು ಅಕ್ಷರ ಬರೆದುಕೊಳ್ಳಬೇಕಿಲ್ಲ. ವೈಟ್‌ಫೀಲ್ಡು ಬಂತೇ, ಕೋಣೆ ಹೊಕ್ಕು ಡಬ್ಬಿ ಮುಚ್ಚಿದರಾಯಿತು. ಆಡುವವರು ಯಾವ ಹೊತ್ತಿಗಾದರೂ ಇಳಿದು ಹೋಗಬೇಕಾದ ಜನ ಎಂಬುದನ್ನು ಇದನ್ನು ಕಟ್ಟಿದವರು ಅರಿತಿದ್ದರು.

ತಮ್ಮ ಮಾತ್ರ ಆಗ ಒಪ್ಪಿರಲಿಲ್ಲ. “ಎಲ್ಲಾ ಇವರೇ ತೋರಿಸಿಬಿಟ್ರೆ ಹುಡುಕೋದೇನು ಆಪಾ? ಅಲ್ಲಿ ಭಯ ಇತ್ತು, ಒಂಟಿತನ ಇತ್ತು. ಇಲ್ಲಿ ಕಲ್ಲಿನ ಮೂರ್ತಿ ಬೇರೆ, ಮುಂದೆ ಎಲ್ಲಿಗೆ ಹೋಗಬೇಕು ಅಂತ ನಕ್ಷೆ ಮೇಲೆ ಗುರುತು ಹಾಕಿಕೊಡುತ್ತೆ” ಎನ್ನುತ್ತಿದ್ದ. ಅವನ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಹೊಸ ಆಟ ಚಿಕ್ಕದೂ ಹೌದು. ಪಳಗಿದ ಕೈಗೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಈ ತಕರಾರನ್ನು ಒಂದು ರಾತ್ರಿ ಊಟಕ್ಕೆ ಕೂತಾಗ ಅಬ್ಬಾನ ಮುಂದೆ ಇಟ್ಟೆವು. ಅವರು ತಮ್ಮನನ್ನು ಕೇಳಿದರು: “ಗುರುತು ಹಾಕಿದ ಜಾಗಕ್ಕೆ ದಾರೀನೂ ತೋರಿಸುತ್ತಾ?” ಇಲ್ಲ, ದಾರಿ ನಾವೇ ಹುಡುಕಬೇಕು ಎಂದ ತಮ್ಮ. “ಮತ್ತೆ ಇನ್ನೇನು? ಸರ್ವೆಯವರು ಮಾಡೋದೂ ಅಷ್ಟೇ. ಭಯ ಬೇಕು ಅಂತ ನಕ್ಷೆ ಹರಿದುಹಾಕಿ ಗಣಿಗೆ ಇಳಿಯೋನು ಹುಚ್ಚ.” ಗಣಿಯೊಳಗೆ ದಾರಿ ತಪ್ಪುವುದು ಆಟವಲ್ಲ ಎಂಬುದನ್ನು ಬಲ್ಲವರ ಮಾತು ಅದು. ನಮಗೆ ಮರುಮಾತು ಹೊಳೆಯಲಿಲ್ಲ.

ಅಂದಿನಿಂದ ಅವರೂ ಆಟದಲ್ಲಿ ಸೇರಿದರು. ಭಾನುವಾರ ಹಳೆಯ ಹಾಳೆ ಹಾಸಿಕೊಂಡು, ಕನ್ನಡಕ ಏರಿಸಿ, ಸಣ್ಣ ಪರದೆಯ ನಕ್ಷೆಗೆ ತಾಳೆ ನೋಡುತ್ತಿದ್ದರು. “ಶಾಫ್ಟು ಅದೇ. ಲೆವೆಲ್ಲು ಹೊಸದಾಗಿ ಹೊಡೆದಿದ್ದಾರೆ” ಎಂದು ತೀರ್ಪು ಕೊಡುತ್ತಿದ್ದರು.

ಹೊಸ ಆಟ ಹಳೆಯದಕ್ಕಿಂತ ಎಷ್ಟು ಮೇಲು ಎಂಬುದು ಪೂರ್ತಿ ತಿಳಿದದ್ದು ಕೊನೆಯಲ್ಲಿ. ಶತ್ರು ಸತ್ತ, ಗಡಿಯಾರ ಓಡಿತು, ಶಾಫ್ಟು ಹತ್ತಿ ಹೊರಗೆ ಬಂದೆವು. ಹಳೆಯ ಆಟ ಮುಗಿದದ್ದು ಇಲ್ಲಿಯೇ. ಇಲ್ಲಿ ಮುಗಿಯಲಿಲ್ಲ. ತಪ್ಪಿಸಿಕೊಂಡು ಹೊರಟ ಹಡಗನ್ನು ಕಡಲ್ಗಳ್ಳರಂಥ ವೈರಿಗಳು ಹೊಡೆದುರುಳಿಸುತ್ತಾರೆ. ಹಡಗು ಬಿದ್ದಾಗ ಮೈಮೇಲೆ ಕವಚವಿಲ್ಲ, ಹೆಲ್ಮೆಟ್ಟಿಲ್ಲ. ಎದ್ದು ನಿಂತವಳು ಒಬ್ಬಳು ಹೆಣ್ಣುಮಗಳು.

ಮಾಲೂರು ಆಗಲೇ ದಾಟಿತ್ತು. ಅಕ್ಕ ಪರದೆಯನ್ನೇ ನೋಡುತ್ತ ಕೂತಳು. ಹನ್ನೆರಡು ವರ್ಷದ ಹಿಂದೆ ಬೆನ್ನು ಹಾಕಿ ನಿಂತಿದ್ದವಳು ಇವಳೇ! ಹಳೆಯ ಆಟದಲ್ಲೂ ಐದು ಗಂಟೆಯೊಳಗೆ ಮುಗಿಸಿದವರಿಗೆ ಅವಳು ಹೆಲ್ಮೆಟ್ಟು ತೆಗೆದು ಮುಖ ತೋರಿಸುತ್ತಾಳಂತೆ. ಹೆಸರು ಸ್ಯಾಮಸ್. ನಮ್ಮ ಹಾಗೆ ದಾರಿ ತಪ್ಪಿ ತಪ್ಪಿ ನಡೆದವರಿಗೆ ಆ ಸುದ್ದಿ ಸಿಕ್ಕಿರಲಿಲ್ಲ. ಹೊಸ ಆಟ ಎಲ್ಲರಿಗೂ ಅವಳನ್ನು ತೋರಿಸುತ್ತದೆ. ಮನೆಗೆ ಬಂದು ಹೇಳಿದಾಗ ಅಬ್ಬಾ, “ನಮ್ಮ ಕಡೆ ಹೆಂಗಸರು ಕೆಳಗೆ ಇಳೀಬಾರದು ಅಂತ ಕಾನೂನೇ ಇದೆ” ಎಂದರು. ಹೌದು, 1952ರ ಗಣಿ ಕಾಯ್ದೆ ಹಾಗೆ ಹೇಳಿತ್ತು. ಕೇಂದ್ರ ಸರ್ಕಾರ ಷರತ್ತುಗಳೊಂದಿಗೆ ಆ ಬಾಗಿಲನ್ನು ತೆರೆದದ್ದು 2019ರಲ್ಲಿ. ಅಷ್ಟರಲ್ಲಿ ನಮ್ಮ ಗಣಿಯ ಬಾಗಿಲು ಮುಚ್ಚಿ ಹದಿನೆಂಟು ವರ್ಷವಾಗಿತ್ತು.

ಕವಚ ಕಳೆದುಕೊಂಡವಳ ಆಟವೇ ಬೇರೆ. ಕೈಯಲ್ಲಿರುವುದು ಒಂದು ಪುಟ್ಟ ಪಿಸ್ತೂಲು. ಅದು ಕೊಲ್ಲುವುದಿಲ್ಲ, ಎದುರಿಗಿದ್ದವನನ್ನು ಒಂದು ಗಳಿಗೆ ಮರಗಟ್ಟಿಸುತ್ತದೆ ಅಷ್ಟೇ. ಅಡಗಬೇಕು, ತೆವಳಬೇಕು, ಕಂಡುಬಿಟ್ಟರೆ ಓಡಬೇಕು. ಇದನ್ನು ಅಬ್ಬಾ ಪಕ್ಕದಲ್ಲಿ ಕೂತು ಮಾತಿಲ್ಲದೆ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು: “ಹೊರಗೆ ಬಂದ ಮೇಲೇ ಇರೋದು.”

2001ರ ನಂತರದ ಅವರ ನಾಲ್ಕು ವರ್ಷ ನಮ್ಮ ಕಣ್ಣ ಮುಂದೆ ಹಾದು ಹೋಯಿತು. ಬಂಗಾರಪೇಟೆಗೆ ಬಂದ ಮೇಲೆ ಅವರು ಅಂಗಡಿಯಲ್ಲಿ ಲೆಕ್ಕ ಬರೆದರು, ರಾತ್ರಿ ಕಾವಲಿಗೆ ಹೋದರು, ಎರಡು ತಿಂಗಳು ಏನೂ ಮಾಡದೆ ಕೂತರು. ಮೂರು ಕಿಲೋಮೀಟರು ಆಳದಲ್ಲಿ ಕತ್ತಲಿಗೆ ಅಂಜದಿದ್ದವರು ಪೇಟೆಯ ಬೆಳಕಿನಲ್ಲಿ ಗೋಡೆ ಹಿಡಿದು ನಡೆದರು. ಗಣಿಯೊಳಗಿನ ಶೌರ್ಯದ ಕಥೆ ಎಲ್ಲರೂ ಹೇಳುತ್ತಾರೆ. ಅಲ್ಲಿಂದ ಹೊರಗೆ ಬಂದವರ ಕಥೆ ಕೇಳುವವರು ಕಡಿಮೆ.

ಹೊಸ ಆಟದಲ್ಲಿ ಇನ್ನೊಂದು ಹಂಚಿಕೆಯಿದೆ. ನಡುದಾರಿಯಲ್ಲಿ ಮೂರು ಕಡೆ ಏನೆಂದೇ ತಿಳಿಯದ ವಸ್ತುಗಳು ಸಿಗುತ್ತವೆ. ಎತ್ತಿಕೊಂಡರೆ, ಇದು ಈಗಿನ ಕವಚಕ್ಕೆ ಹೊಂದುವುದಿಲ್ಲ ಎಂಬಂಥ ಸೂಚನೆ ಬರುತ್ತದೆ. ಸುಮ್ಮನೆ ಹೊತ್ತುಕೊಂಡು ತಿರುಗಬೇಕು. ಕೊನೆಯಲ್ಲಿ, ಅವಳನ್ನು ಬಾಲ್ಯದಲ್ಲಿ ಸಾಕಿದ ಜನ ಕಟ್ಟಿದ ಪಾಳು ಕಟ್ಟಡದೊಳಗೆ ಒಂದು ಪರೀಕ್ಷೆ ಗೆದ್ದು ಕವಚ ಮರಳಿ ಪಡೆದಾಗ, ಆ ಮೂರೂ ಒಮ್ಮೆಲೇ ಜೀವ ತಳೆದು ಕೆಲಸಕ್ಕೆ ಬರುತ್ತವೆ. ಅಬ್ಬಾನ ಜೇಬಿನಲ್ಲೂ ಅಂಥದೊಂದು ಇತ್ತು. ನಕ್ಷೆಯ ಕೈ. ಗಣಿಯಲ್ಲಿ ಅವರು ಸಹಾಯಕರು ಮಾತ್ರ. ಗೆರೆ ಎಳೆಯುವುದು ಅವರ ಕೆಲಸವಾಗಿರಲಿಲ್ಲ, ನೋಡಿ ನೋಡಿ ಕಲಿತಿದ್ದರು. 2006ರಲ್ಲಿ ತಾಲೂಕು ಕಚೇರಿ ಹತ್ತಿರ ಸೈಟುಗಳ ನಕ್ಷೆ ಬರೆದುಕೊಡುತ್ತಿದ್ದ ಒಬ್ಬರು ಸಹಾಯಕ್ಕೆ ಜನ ಹುಡುಕುತ್ತಿದ್ದಾಗ ತಮ್ಮ ಮೆಟ್ರಾಯ್ಡಿನ ಹಾಳೆಯನ್ನೇ ಒಯ್ದು ತೋರಿಸಿದ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಜಾಗ ಯಾವುದೋ ತಿಳೀಲಿಲ್ಲ, ಆದರೆ ಗೆರೆ ಚೆನ್ನಾಗಿದೆ” ಎಂದರು. ಕೊನೆಯ ಮೂರು ವರ್ಷ ಅಬ್ಬಾ ಅಲ್ಲಿ ಕೂತು ಮನೆ ಕಟ್ಟುವವರ ಕನಸುಗಳಿಗೆ ಅಳತೆ ಹಾಕಿದರು. 2009ರಲ್ಲಿ ತೀರಿಕೊಂಡರು.

ಒಂದು ಹಳೆಯದನ್ನು ಹೊಸದಾಗಿ ಮಾಡುವುದೆಂದರೇನು? 2018ರಲ್ಲಿ ನಮ್ಮೂರ ಹೆಸರು ಹೊತ್ತ ಸಿನಿಮಾ ಬಂತು. ಸೈನೈಡ್ ದಿಬ್ಬದ ಮೇಲೆ ಸೆಟ್ಟು ಹಾಕಿದರು, ದೇಶವೆಲ್ಲ ನೋಡಿತು. ಅದು ಬೇರೆಯೇ ಕಥೆ, ಕಟ್ಟುಕಥೆ. ತಕರಾರಿಲ್ಲ. ಆದರೆ ಅದರಲ್ಲಿ ನಮ್ಮ ಬೀದಿಯನ್ನು ಹುಡುಕಿ ಕೂತ ನಮಗೆ ಅದು ಸಿಗಲಿಲ್ಲ. ಜೀರೋ ಮಿಷನ್ ಮಾಡಿದವರು ಹಳೆಯದರ ಹೊಳಪನ್ನು ಹೆಚ್ಚಿಸಿದ್ದಷ್ಟೇ ಅಲ್ಲ. ಅದರಲ್ಲಿ ಆಡುವವರು ಎಲ್ಲೆಲ್ಲಿ ಸುಮ್ಮನೆ ಸಂಕಟಪಟ್ಟಿದ್ದರೋ ಅಲ್ಲಲ್ಲಿ ಕೈಯಿಟ್ಟರು. ದಾರಿ ತಪ್ಪಿದವರಿಗೆ ನಕ್ಷೆ ಕೊಟ್ಟರು, ದುಡಿದವರ ಗಳಿಕೆ ಉಳಿಯುವಂತೆ ಮಾಡಿದರು, ಕಥೆ ಮುಗಿಯಿತೆಂದು ಎಲ್ಲರೂ ಎದ್ದು ಹೋಗುವ ಜಾಗದಲ್ಲಿ ನಿಂತು ಆಮೇಲೆ ಏನಾಯಿತೆಂದು ಕೇಳಿದರು. ಇಷ್ಟೆಲ್ಲ ಮಾಡಿಯೂ ಹಳೆಯದನ್ನು ಎಸೆಯಲಿಲ್ಲ. ಹೊಸ ಆಟ ಪೂರ್ತಿ ಮುಗಿಸಿದವರಿಗೆ 1980ರ ದಶಕದ ಆ ಮೂಲ ಆಟ ಅದೇ ಕ್ಯಾಸೆಟ್ಟಿನಲ್ಲಿ ತೆರೆದುಕೊಳ್ಳುತ್ತದೆ.

ಹಬ್ಬದ ಮಧ್ಯಾಹ್ನ ತಮ್ಮ ಅದನ್ನೇ ತೆಗೆದು ಮಗಳ ಕೈಗಿಟ್ಟ. ಎಸ್‌ಪಿಯ ಕೀಲು ಸಡಿಲಾಗಿದೆ, ಒಂದು ಕೈಯಲ್ಲಿ ಪರದೆ ಹಿಡಿದುಕೊಳ್ಳಬೇಕು. ಅವಳು ಹತ್ತು ನಿಮಿಷ ಆಡಿ, “ಇದರಲ್ಲಿ ನಕ್ಷೆನೇ ಇಲ್ವಲ್ಲ ಅಬ್ಬು!” ಎಂದು ಮುಖ ಸಿಂಡರಿಸಿದಳು. ನಾವು ಏನೂ ಹೇಳಲಿಲ್ಲ. ಅವಳೇ ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಹೋಗಿ, ಆ ಹರಿದ ಹಾಳೆಯನ್ನು ತಂದು ಚಾಪೆಯ ಮೇಲೆ ಹಾಸಿದಳು. ಅವಳಿಗೆ ಉರ್ದು ಬರುವುದಿಲ್ಲ.

“ಫುಪ್ಪು, ಇಲ್ಲಿ ದಾದಾ ಏನು ಬರ್ದಿದ್ದಾರೆ? ಓದಿ ಹೇಳಿ.”

ಓದಿ ಹೇಳಿದೆವು. ಮೊದಲ ಚೌಕದ ಪಕ್ಕದಲ್ಲಿ ಅಬ್ಬಾ ಬರೆದಿದ್ದದ್ದು: ಮೊದಲು ಎಡಕ್ಕೆ.